ಹಳೆಯ ಕಾರ್ಟೂನುಗಳನ್ನು ಮುಚ್ಚಿಡಬೇಕೇ, ತಿಳಿಸಿ ತೋರಿಸಬೇಕೇ?

ಮಕ್ಕಳು ಟಿ.ವಿ.ಯಲ್ಲಿ ಕಾರ್ಟೂನು ನೋಡುವುದು ಹಿತವೋ ಅಹಿತವೋ ಎಂಬ ಚರ್ಚೆ ನಮ್ಮ ಕುಟುಂಬಗಳಿಗೆ ಹೊಸದಲ್ಲ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಭಾರತಕ್ಕೆ ಬಂದಂದಿನಿಂದ ಅದು ನಡೆದೇ ಇದೆ. ಎಷ್ಟು ಹೊತ್ತು ನೋಡಿದರು, ಪಾಠ ಓದಿದರೇ, ಕಣ್ಣು ಹಾಳಾಗದೇ ಎಂಬಲ್ಲಿಗೆ ಆ ಚರ್ಚೆ ಸಾಮಾನ್ಯವಾಗಿ ಮುಗಿಯುತ್ತದೆ. ಮಕ್ಕಳ ಪಕ್ಕದಲ್ಲಿ ಕುಳಿತು ಹಿರಿಯರಾದ ನಾವೂ ನಕ್ಕ ಆ ಬೆಕ್ಕು ಇಲಿಗಳ ಜಗಳ ಎಲ್ಲಿಯದು, ಅದನ್ನು ರಚಿಸಿದವರು ಯಾರು, ಯಾರಿಗಾಗಿ ರಚಿಸಿದರು ಎಂದು ವಿಚಾರಿಸಿದವರು ವಿರಳ. ಹೀಗೆ ವಿಚಾರಿಸುವುದನ್ನೇ ಉದ್ದೇಶವಾಗಿಟ್ಟುಕೊಂಡ ಒಂದು ಕಾರ್ಯಕ್ರಮ ಅಮೆರಿಕದಲ್ಲಿ ಅದೇ ವಾಹಿನಿಯಲ್ಲಿ ಹನ್ನೊಂದು ವರ್ಷ ನಡೆಯಿತು. ಅದರ ಹೆಸರು ‘ಟೂನ್‌ಹೆಡ್ಸ್’. ಅದು ಮಾಡಿದ ಒಳ್ಳೆಯ ಕೆಲಸವನ್ನೂ, ಅದಕ್ಕೆ ಪೂರೈಸಲು ಅವಕಾಶ ಸಿಗದ ಒಂದು ಕೆಲಸವನ್ನೂ ವಾಚಕರ ಮುಂದಿಡಲು ಬಯಸುತ್ತೇವೆ. ತಂದೆತಾಯಂದಿರು ಯೋಚಿಸಬೇಕಾದ ವಿಷಯ ಅದರಲ್ಲಿದೆ.

ಕಾರ್ಟೂನ್ ನೆಟ್‌ವರ್ಕ್ ಅಮೆರಿಕದಲ್ಲಿ ಆರಂಭವಾದದ್ದು 1992ರ ಅಕ್ಟೋಬರ್ 1ರಂದು. ಅದರ ಒಡೆಯರಾಗಿದ್ದ ಟೆಡ್ ಟರ್ನರ್ 1986ರಲ್ಲಿ ಎಂ.ಜಿ.ಎಂ. ಚಿತ್ರಸಂಸ್ಥೆಯನ್ನು ಕೊಂಡಿದ್ದರು. ಸಂಸ್ಥೆಯನ್ನು ಬೇಗನೆ ಬಿಟ್ಟುಕೊಡಬೇಕಾಗಿ ಬಂದರೂ ಅದರ ಹಳೆಯ ಚಿತ್ರಗಳ ಭಂಡಾರವನ್ನು ಅವರು ತಮ್ಮಲ್ಲೇ ಉಳಿಸಿಕೊಂಡರು. ‘ಟಾಮ್ ಅಂಡ್ ಜೆರ್ರಿ’, ‘ಪಾಪೈ’, ವಾರ್ನರ್ ಬ್ರದರ್ಸ್ ಸಂಸ್ಥೆಯ 1948ಕ್ಕೆ ಹಿಂದಿನ ವರ್ಣ ಕಾರ್ಟೂನುಗಳು ಎಲ್ಲವೂ ಆ ಭಂಡಾರದಲ್ಲಿದ್ದವು. ಇಷ್ಟೊಂದು ಸಾಮಗ್ರಿ ಕೈಯಲ್ಲಿರುವಾಗ ಅದನ್ನು ಹಗಲಿರುಳು ಸುಮ್ಮನೆ ಓಡಿಸುವುದು ಸುಲಭ. ವಾಹಿನಿಯು ಮೊದಲ ವರ್ಷಗಳಲ್ಲಿ ಬಹುಮಟ್ಟಿಗೆ ಅದನ್ನೇ ಮಾಡಿತು. ಟೂನ್‌ಹೆಡ್ಸ್ ಮಾತ್ರ ಬೇರೆ ದಾರಿ ಹಿಡಿಯಿತು. ಅರ್ಧ ಗಂಟೆಯಲ್ಲಿ ಮೂರು ಕಿರುಚಿತ್ರಗಳು. ಅವುಗಳ ನಡುನಡುವೆ ನಿರೂಪಣೆ. ಒಂದು ವಾರ ಒಬ್ಬ ನಿರ್ದೇಶಕ, ಇನ್ನೊಂದು ವಾರ ಒಬ್ಬ ಕಂಠದಾನ ಕಲಾವಿದ, ಮತ್ತೊಂದು ವಾರ ಒಂದೇ ಹಾಸ್ಯವನ್ನು ಮೂವರು ನಿರ್ದೇಶಕರು ಹೇಗೆ ಬೇರೆಬೇರೆಯಾಗಿ ಬಳಸಿದರೆಂಬ ಹೋಲಿಕೆ, ಹೀಗೆ ಸಾಗುವ ಕಾರ್ಯಕ್ರಮವದು. ನಿರೂಪಕಿ ಲೆಸ್ಲಿ ಫ್ರಾಮ್ ರೇಡಿಯೋ ಕ್ಷೇತ್ರದಿಂದ ಬಂದವರು. ಉಪನ್ಯಾಸದ ಗತ್ತಿಲ್ಲದ ಅವರ ಮಾತು ಮಕ್ಕಳಿಗೂ ಕೇಳುವಂತಿತ್ತು.

ಇದರಲ್ಲಿ ಅಂಥ ವಿಶೇಷವೇನು ಎಂದು ಕೇಳಬಹುದು. ಈ ಚಿತ್ರಗಳ ಹುಟ್ಟನ್ನು ಬಲ್ಲವರಿಗೆ ವಿಶೇಷ ತಿಳಿದೀತು. 1930ರಿಂದ 1950ರ ದಶಕದವರೆಗಿನ ಈ ಕಾರ್ಟೂನುಗಳು ಟಿ.ವಿ.ಗಾಗಿ ರಚಿತವಾದವಲ್ಲ, ಮಕ್ಕಳಿಗಾಗಿಯೇ ರಚಿತವಾದವೂ ಅಲ್ಲ. ಚಿತ್ರಮಂದಿರದಲ್ಲಿ ಪ್ರಧಾನ ಚಿತ್ರಕ್ಕೆ ಮುಂಚೆ, ವಾರ್ತಾಚಿತ್ರದ ಜೊತೆಗೆ ತೋರಿಸುತ್ತಿದ್ದ ಆರೇಳು ನಿಮಿಷದ ನಗೆತುಣುಕುಗಳು ಅವು. ಸಭಿಕರಲ್ಲಿ ದುಡಿದು ದಣಿದು ಬಂದ ವಯಸ್ಕರಿದ್ದರು, ಯುದ್ಧಕಾಲದಲ್ಲಿ ಸೈನಿಕರಿದ್ದರು. ಪರದೆಯ ಮೇಲೆ ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳು ಓಡಬೇಕು. ಒಂದೊಂದು ಚಿತ್ರವನ್ನು ಎರಡೆರಡು ಸಲ ಬಳಸಿಕೊಂಡರೂ ಏಳು ನಿಮಿಷಕ್ಕೆ ಐದು ಸಾವಿರ ಚಿತ್ರಗಳನ್ನು ಕೈಯಿಂದ ಬರೆಯಬೇಕು. ಬರೆದದ್ದನ್ನು ಪಾರದರ್ಶಕ ಹಾಳೆಗಳ ಮೇಲೆ ಶಾಯಿಯಲ್ಲಿ ತಿದ್ದಿ ಬಣ್ಣ ತುಂಬುತ್ತಿದ್ದವರು ಬಹುಪಾಲು ಹೆಂಗಸರು. ಅವರಲ್ಲಿ ಯಾರೊಬ್ಬರ ಹೆಸರೂ ಪರದೆಯ ಮೇಲೆ ಬರುತ್ತಿರಲಿಲ್ಲ.

ಹೆಸರಿನ ವಿಷಯದಲ್ಲಿ ನಿರ್ದೇಶಕರಿಗೂ ಅನ್ಯಾಯವಾದದ್ದುಂಟು. ವಾರ್ನರ್ ಸಂಸ್ಥೆಯು 1943ರಿಂದ ಹಳೆಯ ಕಾರ್ಟೂನುಗಳನ್ನು ‘ಬ್ಲೂ ರಿಬ್ಬನ್’ ಎಂಬ ಮುದ್ರೆಯೊಡನೆ ಪುನಃ ಬಿಡುಗಡೆ ಮಾಡತೊಡಗಿದಾಗ ಮೂಲದ ಹೆಸರುಪಟ್ಟಿಯನ್ನು ಕತ್ತರಿಸಿ ಹಾಕಿತು. ಟಿ.ವಿ.ಗೆ ಬಂದದ್ದು ಬಹಳಷ್ಟು ಸಲ ಆ ಕತ್ತರಿಸಿದ ಪ್ರತಿಯೇ. ಮೆಲ್ ಬ್ಲಾಂಕ್ ಎಂಬ ಮಹಾನ್ ಕಂಠಕಲಾವಿದ ಸಂಬಳ ಹೆಚ್ಚಿಸಿರೆಂದು ಕೇಳಿದಾಗ ಹಣದ ಬದಲು ತೆರೆಯ ಮೇಲೆ ಹೆಸರು ಸಿಕ್ಕಿತೆಂದು ಅವರೇ ಹೇಳಿಕೊಂಡಿದ್ದಾರೆ. ಅದರ ಫಲವಾಗಿ ಎಲ್ಲ ಪಾತ್ರಗಳ ಧ್ವನಿಯೂ ಅವರದೇ ಎಂದು ಲೋಕ ನಂಬಿತು. ಬಗ್ಸ್ ಬನ್ನಿ ಮೊಲವನ್ನು ಬೇಟೆಯಾಡಲು ಹೊರಡುವ ಎಲ್ಮರ್ ಫಡ್‌ನ ತೊದಲು ಮಾತು ಆರ್ಥರ್ ಕ್ಯೂ. ಬ್ರಯನ್ ಎಂಬುವರದ್ದು, ಆ ಹೆಸರನ್ನು ಕೇಳಿದವರೆಷ್ಟು ಮಂದಿ? ಟೆಕ್ಸ್ ಏವರಿ, ಚಕ್ ಜೋನ್ಸ್, ಫ್ರಿಜ್ ಫ್ರೆಲೆಂಗ್, ಬಾಬ್ ಕ್ಲಾಂಪೆಟ್ ಮೊದಲಾದ ನಿರ್ದೇಶಕರನ್ನು, ಕಾರ್ಲ್ ಸ್ಟಾಲಿಂಗ್, ಸ್ಕಾಟ್ ಬ್ರಾಡ್ಲಿ ಮೊದಲಾದ ಸಂಗೀತಗಾರರನ್ನು ಮನೆಯ ಪ್ರೇಕ್ಷಕನಿಗೆ ಪರಿಚಯಿಸುವ ಇಂಥ ಕಾರ್ಯಕ್ರಮವನ್ನು ಬರಿಯ ಮನರಂಜನೆಯ ಲೆಕ್ಕದಲ್ಲಿ ಸೇರಿಸಲಾಗದು. ಚಕ್ ಜೋನ್ಸ್ 1957ರಲ್ಲಿ ಮಾಡಿದ ‘ವಾಟ್ಸ್ ಆಪರಾ, ಡಾಕ್?’ ಚಿತ್ರವು ವ್ಯಾಗ್ನರನ ಗಂಭೀರ ಸಂಗೀತನಾಟಕಗಳನ್ನೆಲ್ಲ ಏಳು ನಿಮಿಷದೊಳಗೆ ಹಿಡಿದು ನಗಿಸುತ್ತದೆ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಅದು ಸೇರಿದ್ದು 1992ರಲ್ಲಿ, ಎಂದರೆ ಟೂನ್‌ಹೆಡ್ಸ್ ಆರಂಭವಾದ ವರ್ಷದಲ್ಲೇ.

ಇಲ್ಲಿಯವರೆಗೆ ಹೇಳಿದ್ದು ಸಿಹಿ ಭಾಗ. ಈ ಹಳೆಯ ನಗೆಯಲ್ಲಿ ಕಹಿಯೂ ಧಾರಾಳವಾಗಿದೆ. ಹಲವು ಕಾರ್ಟೂನುಗಳು ಆಫ್ರಿಕನ್ ಮೂಲದ ಅಮೆರಿಕನ್ನರನ್ನು ದಪ್ಪ ತುಟಿಯ, ಸೋಮಾರಿಯಾದ, ಬುದ್ಧಿಗೇಡಿಗಳಾದ ಜನರೆಂದು ಚಿತ್ರಿಸಿದವು. ಯುದ್ಧದ ವರ್ಷಗಳಲ್ಲಿ ಜಪಾನೀಯರನ್ನು ಇನ್ನಷ್ಟು ಹೀನಾಯವಾಗಿ ತೋರಿಸಿದವು. ಟಾಮ್ ಅಂಡ್ ಜೆರ್ರಿಯಲ್ಲಿ ಸಿಡಿಮದ್ದು ಸಿಡಿದಾಗ ಟಾಮ್‌ನ ಮುಖ ಬರಿದೇ ಕಪ್ಪಾಗುವುದಲ್ಲ, ಒಂದು ಜನಾಂಗದ ಅಣಕವಾಗಿ ಮಾರ್ಪಡುವ ದೃಶ್ಯಗಳಿದ್ದವು. 1968ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯು ತನ್ನ ವಶದಲ್ಲಿದ್ದ ವಾರ್ನರ್ ಕಾರ್ಟೂನುಗಳ ಪೈಕಿ ಹನ್ನೊಂದನ್ನು ಟಿ.ವಿ.ಗೆ ಕೊಡದೆ ತಡೆಹಿಡಿಯಿತು. ಅವಕ್ಕೆ ‘ನಿಷೇಧಿತ ಹನ್ನೊಂದು’ ಎಂಬ ಹೆಸರೇ ನಿಂತಿದೆ.

ಆ ಕಾಲವೇ ಹಾಗಿತ್ತು, ಆಗ ಯಾರಿಗೂ ಅದು ತಪ್ಪೆಂದು ತೋಚಿರಲಿಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಈ ಸಮಾಧಾನವನ್ನು ನಾವು ಒಪ್ಪಲಾರೆವು, ಏಕೆಂದರೆ ಅದು ಸತ್ಯವಲ್ಲ. ಕ್ಲಾಂಪೆಟ್ ಅವರ ‘ಕೋಲ್ ಬ್ಲ್ಯಾಕ್’ ಎಂಬ ಹಿಮಬಿಳಿ ರಾಜಕುಮಾರಿ ಕಥೆಯ ಅಣಕಚಿತ್ರ 1943ರಲ್ಲಿ ತೆರೆಕಂಡಾಗ, ಕರಿಯ ಜನರ ಹಕ್ಕುಗಳಿಗಾಗಿ ಹೋರಾಡುವ ಎನ್.ಎ.ಎ.ಸಿ.ಪಿ. ಸಂಘಟನೆ ಅದೇ ವರ್ಷ ಪ್ರತಿಭಟಿಸಿತ್ತು. ವಾಲ್ಟರ್ ಲ್ಯಾಂಟ್ಜ್ ಸ್ಟುಡಿಯೋದ 1941ರ ಚಿತ್ರವೊಂದನ್ನು ಅದೇ ಸಂಘಟನೆಯ ಆಕ್ಷೇಪಣೆಯ ಮೇರೆಗೆ ಯುನಿವರ್ಸಲ್ ಸಂಸ್ಥೆ 1949ರಲ್ಲಿ ಹಿಂತೆಗೆದುಕೊಂಡಿತು. ನೊಂದವರು ಆಗಲೇ ಬಾಯಿಬಿಟ್ಟು ಹೇಳಿದ್ದರು. ಕೇಳಿಸಿಕೊಳ್ಳುವ ಕಿವಿಗಳು ಕಡಿಮೆಯಿದ್ದವು, ಅಷ್ಟೇ.

ಹಾಗಾದರೆ ಇಂಥವನ್ನು ಏನು ಮಾಡಬೇಕು? ಟೂನ್‌ಹೆಡ್ಸ್ ತಂಡದವರು ತಮ್ಮ ಪದ್ಧತಿಯಂತೆಯೇ, ವಿವರಿಸಿ ತೋರಿಸುವ ದಾರಿ ಹಿಡಿದರು. 2000ದಲ್ಲಿ ‘ಕಳೆದುಹೋದ ಕಾರ್ಟೂನುಗಳು’ ಎಂಬ ವಿಶೇಷ ಸಂಚಿಕೆಯಲ್ಲಿ, 1929ರಲ್ಲಿ ಹ್ಯೂ ಹಾರ್ಮನ್ ಮತ್ತು ರುಡಾಲ್ಫ್ ಐಸಿಂಗ್ ತಯಾರಿಸಿದ ಬೋಸ್ಕೋ ಎಂಬ ಪಾತ್ರದ ಪ್ರಾಯೋಗಿಕ ಚಿತ್ರವನ್ನು ಪ್ರಸಾರ ಮಾಡಿದರು. ಯುದ್ಧಕಾಲದ ಕಾರ್ಟೂನುಗಳ ಬಗ್ಗೆಯೂ ವಿಶೇಷ ಸಂಚಿಕೆ ಬಂತು. ಪ್ರಚಾರಕ್ಕಾಗಿ ನಗೆಯನ್ನು ಹೇಗೆ ಬಳಸಿದರೆಂಬ ಹಿನ್ನೆಲೆ ಸಹಿತವಾಗಿ ಅವು ತೆರೆಗೆ ಬಂದವು.

ತೊಡಕು ಬಂದದ್ದು 2001ರಲ್ಲಿ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಡೆಯುತ್ತಿದ್ದ ‘ಜೂನ್ ಬಗ್ಸ್’ ಎಂಬ ಸರಣಿಯಲ್ಲಿ ಆ ವರ್ಷ ಬಗ್ಸ್ ಬನ್ನಿಯ ಎಲ್ಲ ಚಿತ್ರಗಳನ್ನೂ ಒಂದನ್ನೂ ಬಿಡದೆ ಕಾಲಕ್ರಮದಲ್ಲಿ ತೋರಿಸುವುದಾಗಿ ವಾಹಿನಿ ನಿಶ್ಚಯಿಸಿತ್ತು. ಕೊನೆಗೆ ಹನ್ನೆರಡನ್ನು ಹೊರಗಿಡಲಾಯಿತು. ‘ನಿಷೇಧಿತ ಹನ್ನೊಂದ’ರಲ್ಲಿ ಸೇರಿದ್ದ 1941ರ ಟೆಕ್ಸ್ ಏವರಿ ಚಿತ್ರವೊಂದು ಅದರಲ್ಲಿತ್ತು, ಜಪಾನೀ ಸೈನಿಕರನ್ನು ಹಂಗಿಸುವ 1944ರ ಚಿತ್ರವಿತ್ತು, ಅಮೆರಿಕದ ಮೂಲನಿವಾಸಿಗಳನ್ನೂ ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನೂ ಗೇಲಿ ಮಾಡುವವು ಇದ್ದವು. ಆ ಹನ್ನೆರಡರ ಬಗ್ಗೆಯೇ, ಅವು ಏಕೆ ಹೊರಗುಳಿದವೆಂದು ತಿಳಿಸುವ ಟೂನ್‌ಹೆಡ್ಸ್ ಸಂಚಿಕೆಯೂ ಸಿದ್ಧವಾಯಿತು. ಅದೂ ಪ್ರಸಾರವಾಗಲಿಲ್ಲ.

ಚಿತ್ರಗಳನ್ನು ಮಧ್ಯಾಹ್ನದ ಮಕ್ಕಳ ವೇಳೆಯಲ್ಲಿ ತೋರಿಸದಿದ್ದುದು ಸರಿ ಎಂದೇ ನಮ್ಮ ಅಭಿಮತ. ಆರು ವರ್ಷದ ಮಗುವಿಗೆ ಅಣಕವೂ ಸತ್ಯವೂ ಒಂದೇ. ನಕ್ಕ ಮೇಲೆ ಅದು ಕಲಿತೂ ಬಿಡುತ್ತದೆ. ಶಾಲೆಯಲ್ಲಿ ಸಹಪಾಠಿಯ ಮೈಬಣ್ಣವನ್ನೋ ಮಾತಿನ ಧಾಟಿಯನ್ನೋ ಹಿಡಿದು ಹಂಗಿಸುವ ಚಟ ನಮ್ಮ ಮಕ್ಕಳಿಗೆ ಅಪರಿಚಿತವೇನಲ್ಲ. ಆದರೆ ವಯಸ್ಕರಿಗಾಗಿ, ತಡರಾತ್ರಿಯಲ್ಲಿ ವಿವರಣೆಯೊಡನೆ ತೋರಿಸಬಹುದಾಗಿದ್ದ ಸಂಚಿಕೆಯನ್ನೂ ತಡೆದದ್ದು ನಮಗೆ ವಿವೇಕವೆಂದು ತೋರುವುದಿಲ್ಲ. ಮೊಲದ ನಗುಮುಖವನ್ನು ಬಟ್ಟೆಬರೆ ಆಟಿಕೆಗಳ ಮೇಲೆ ಅಚ್ಚು ಹಾಕಿಸಿ ಮಾರುವವರಿಗೆ ಆ ಮೊಲದ ಹಳೆಯ ಚರಿತ್ರೆ ಅನನುಕೂಲವೆನಿಸುವುದು ಸಹಜ. ಪ್ರೇಕ್ಷಕನ ಹಿತ ಅದೇ ಆಗಿರಬೇಕೆಂದಿಲ್ಲ.

ಮುಚ್ಚಿಡುವುದರಿಂದ ಆಗುವ ಹಾನಿಗೆ ಒಂದು ಉದಾಹರಣೆ ನಮ್ಮ ಮಕ್ಕಳಿಗೂ ಪರಿಚಿತವಾದ ಟಾಮ್ ಅಂಡ್ ಜೆರ್ರಿಯಲ್ಲೇ ಇದೆ. 1940ರ ಮೊದಲ ಚಿತ್ರದಿಂದ 1952ರವರೆಗೆ ಅದರಲ್ಲಿ ಒಬ್ಬ ಕಪ್ಪುವರ್ಣದ ಹೆಂಗಸು ಬರುತ್ತಾಳೆ. ಕಾಲುಗಳು, ಚಪ್ಪಲಿ, ಪೊರಕೆ ಕಾಣುತ್ತವೆ. ಮುಖ ಕಾಣುವುದೇ ಅಪರೂಪ. ಅವಳಿಗೆ ಧ್ವನಿ ಕೊಟ್ಟವರು ಲಿಲಿಯನ್ ರಾಂಡಾಲ್ಫ್ ಎಂಬ ಆಫ್ರಿಕನ್-ಅಮೆರಿಕನ್ ಕಲಾವಿದೆ. ಪಾತ್ರ ಅವಹೇಳನಕಾರಿ ಎಂಬ ದೂರಿಗೆ ಆಧಾರವಿತ್ತು. 1960ರ ದಶಕದಲ್ಲಿ ಟಿ.ವಿ.ಗಾಗಿ ಆಕೆಯನ್ನು ಕೆಲವು ಚಿತ್ರಗಳಿಂದ ಅಳಿಸಿ, ಆ ಜಾಗದಲ್ಲಿ ಬಿಳಿಯ ಹೆಂಗಸೊಬ್ಬಳ ಕಾಲುಗಳನ್ನು ಬರೆದು ಬೇರೆ ಧ್ವನಿ ಸೇರಿಸಲಾಯಿತು. 1990ರ ದಶಕದಲ್ಲಿ ಥಿಯಾ ವಿಡೇಲ್ ಎಂಬ ಕಲಾವಿದೆಯಿಂದ ಮಾತುಗಳನ್ನು ಪುನಃ ಹೇಳಿಸಲಾಯಿತು. ಪರಿಣಾಮವಾಗಿ ಪ್ರೇಕ್ಷಕನ ಕಿವಿಯಿಂದ ಮರೆಯಾದದ್ದು ಅಣಕ ಮಾತ್ರವಲ್ಲ, ಮೊದಲೇ ತೆರೆಯ ಮೇಲೆ ಹೆಸರಿಲ್ಲದಿದ್ದ ರಾಂಡಾಲ್ಫ್ ಅವರ ಧ್ವನಿಯೂ ಕೂಡ. ಅವಮಾನವನ್ನು ಸರಿಪಡಿಸಲು ಹೊರಟವರು ಕಪ್ಪುವರ್ಣದ ಕಲಾವಿದೆಯೊಬ್ಬರ ದುಡಿಮೆಯನ್ನೇ ಅಳಿಸಿದಂತಾಯಿತು.

ಹಿಂಸೆಯ ದೃಶ್ಯಗಳಿಗೆ ಹಾಕಿದ ಕತ್ತರಿಯ ಕಥೆಯೂ ಹೀಗೆಯೇ. ಅಮೆರಿಕದ ಶನಿವಾರ ಬೆಳಗಿನ ಕಾರ್ಯಕ್ರಮಗಳಲ್ಲಿ ಬಂದೂಕು ಸಿಡಿಯುವ ಕ್ಷಣವನ್ನು ತೆಗೆದುಹಾಕುತ್ತಿದ್ದರು. ಬೇಟೆಗಾರ ಗುರಿಯಿಡುತ್ತಾನೆ, ಮರುಕ್ಷಣ ಬಾತುಕೋಳಿಯ ಕೊಕ್ಕು ತಲೆಯ ಹಿಂದಿರುತ್ತದೆ. ನಡುವೆ ಏನಾಯಿತೆಂದು ಮಗುವೇ ಊಹಿಸಿಕೊಳ್ಳಬೇಕು. ಮಕ್ಕಳು ಸಲೀಸಾಗಿ ಊಹಿಸಿಕೊಂಡರು ಎಂಬುದು ಬೇರೆ ಮಾತು.

ವಿವರಿಸಿ ತೋರಿಸುವ ದಾರಿ ಅಸಾಧ್ಯವಲ್ಲವೆಂದು ಮುಂದಿನ ವರ್ಷಗಳು ತೋರಿಸಿಕೊಟ್ಟವು. 2005ರಲ್ಲಿ ವಾರ್ನರ್ ಸಂಸ್ಥೆ ಹಳೆಯ ಕಾರ್ಟೂನುಗಳ ಡಿ.ವಿ.ಡಿ. ಸಂಪುಟವೊಂದನ್ನು ಹೊರತಂದಾಗ ನಟಿ ವೂಪಿ ಗೋಲ್ಡ್‌ಬರ್ಗ್ ಆರಂಭದಲ್ಲೇ ಬಂದು, ಇವುಗಳಲ್ಲಿನ ಜನಾಂಗೀಯ ಅಣಕ ಅಂದೂ ತಪ್ಪು, ಇಂದೂ ತಪ್ಪು, ಆದರೆ ಇವನ್ನು ಅಳಿಸಿದರೆ ಆ ಪೂರ್ವಗ್ರಹ ಇರಲೇ ಇಲ್ಲವೆಂದು ಹೇಳಿದಂತಾಗುತ್ತದೆ ಎಂಬ ಅರ್ಥದ ಮಾತುಗಳನ್ನಾಡಿದರು. 2010ರಲ್ಲಿ ಹಾಲಿವುಡ್‌ನ ಚಿತ್ರೋತ್ಸವವೊಂದರಲ್ಲಿ ‘ನಿಷೇಧಿತ ಹನ್ನೊಂದ’ರ ಪೈಕಿ ಎಂಟನ್ನು, ಕಪ್ಪುವರ್ಣೀಯರ ಚಿತ್ರಚರಿತ್ರೆಯನ್ನು ಬರೆದ ಡೊನಾಲ್ಡ್ ಬೋಗಲ್ ಅವರ ಪರಿಚಯ ಭಾಷಣದೊಡನೆ ಪ್ರದರ್ಶಿಸಲಾಯಿತು. 2014ರಲ್ಲಿ ಅಮೆಜಾನ್ ಸಂಸ್ಥೆಯು ಟಾಮ್ ಅಂಡ್ ಜೆರ್ರಿಗೆ ಎಚ್ಚರಿಕೆಯ ಟಿಪ್ಪಣಿ ಸೇರಿಸಿದಾಗ ಅದನ್ನು ಅತಿರೇಕವೆಂದು ಗೇಲಿ ಮಾಡಿದವರು ಬಹಳ. ಎರಡು ಸಾಲಿನ ಟಿಪ್ಪಣಿಯಿಂದ ಬೆಕ್ಕು ಇಲಿಗಳ ಓಟಕ್ಕೆ ಯಾವ ಕುಂದೂ ಬರಲಿಲ್ಲ.

ಟೂನ್‌ಹೆಡ್ಸ್ ಹೊಸ ಸಂಚಿಕೆಗಳು 2003ರಲ್ಲಿ ನಿಂತವು. 2021ರ ಜನವರಿಯಲ್ಲಿ ಮೀಟಿವಿ ಎಂಬ ಅಮೆರಿಕನ್ ವಾಹಿನಿ ಹಳೆಯ ಕಾರ್ಟೂನುಗಳ ನಡುವೆ ಹರಟೆ ಹೊಡೆಯುವ ‘ಟೂನ್ ಇನ್ ವಿತ್ ಮಿ’ ಕಾರ್ಯಕ್ರಮ ಆರಂಭಿಸಿದಾಗ ಹಳಬರಿಗೆ ಸಂತೋಷವಾಯಿತು. ಇತ್ತ ವಾರ್ನರ್ ಸಂಸ್ಥೆಯು ತನ್ನದೇ ಅಂತರ್ಜಾಲ ವೇದಿಕೆಯಿಂದ 2025ರ ಮಾರ್ಚ್‌ನಲ್ಲಿ ಹಳೆಯ ಲೂನಿ ಟ್ಯೂನ್ಸ್ ಕಿರುಚಿತ್ರಗಳನ್ನೆಲ್ಲ ತೆಗೆದುಹಾಕಿತು. ಈ ಸಲ ಅಣಕದ ಪ್ರಶ್ನೆಯೂ ಇರಲಿಲ್ಲ. ನಿರ್ದೋಷಿ ಚಿತ್ರಗಳೂ ಜೊತೆಗೇ ಹೋದವು. ಅದೇ ವರ್ಷ ಆಗಸ್ಟ್‌ನಲ್ಲಿ ಅವು ಬೇರೊಂದು ಉಚಿತ ವೇದಿಕೆಗೆ ಬಂದವು. ಒಡೆಯರ ಲೆಕ್ಕಾಚಾರಕ್ಕೆ ತಕ್ಕಂತೆ ಹೀಗೆ ಬಂದು ಹೋಗುವ ಚಿತ್ರಗಳಿಗೆ ಯಾರು ಹಿನ್ನೆಲೆ ಹೇಳುತ್ತಾರೆ?

ಮನೆಯಲ್ಲಿ ಆ ಕೆಲಸ ಹಿರಿಯರದೇ ಆಗುತ್ತದೆ. ಅದಕ್ಕೆ ಪಾಂಡಿತ್ಯ ಬೇಕಿಲ್ಲ. ಟಾಮ್‌ನನ್ನು ಗದರಿಸುವ ಹೆಂಗಸಿನ ಕಾಲುಗಳಷ್ಟೇ ಏಕೆ ಕಾಣುತ್ತವೆ ಎಂದು ಮಗು ಕೇಳಿದಾಗ, ಟಿ.ವಿ. ಧ್ವನಿಯನ್ನು ತಗ್ಗಿಸಿ, ಇದು ಅಜ್ಜನ ಕಾಲದ ಚಿತ್ರ, ಆಗ ಕಪ್ಪು ಬಣ್ಣದವರನ್ನು ಮನೆಗೆಲಸದವರನ್ನಾಗಿಯೇ ತೋರಿಸುತ್ತಿದ್ದರು, ಅದು ಅವರಿಗೆ ನೋವು ಕೊಡುತ್ತಿತ್ತು, ಆ ಧ್ವನಿ ಕೊಟ್ಟಾಕೆಯ ಹೆಸರು ಲಿಲಿಯನ್ ರಾಂಡಾಲ್ಫ್ ಎಂದು ಹೇಳಲು ಎರಡು ನಿಮಿಷ ಸಾಕು. ಆಮೇಲೆ ಧ್ವನಿ ಏರಿಸಿ ಜೊತೆಗೆ ಕುಳಿತು ನೋಡಬಹುದು.