ಕುಂಗ್‌ಫು ಜೊತೆ ಕುಸ್ತಿಯೂ ಇರಲಿ

ಶಿವಮೊಗ್ಗದಲ್ಲಿ ನಾಲ್ಕು ವರ್ಷ ಕುಂಗ್‌ಫು ಕಲಿತವನು ನಾನು. ಪಂಚ್, ಕಿಕ್ ಚೆನ್ನಾಗಿಯೇ ಬರುತ್ತಿದ್ದವು. ಒಮ್ಮೆ ಭದ್ರಾವತಿಯಲ್ಲಿ ಕುಸ್ತಿ ಆಡುವ ಗೆಳೆಯ ತಮಾಷೆಗೆ ಸೊಂಟ ಹಿಡಿದ. ಮರುಕ್ಷಣ ನೆಲದಲ್ಲಿದ್ದೆ. ಬಿದ್ದ ಮೇಲೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಕುಸ್ತಿ ಬೆರೆಸಿದರೆ ಕಲೆ ಕೆಡುತ್ತದೆ ಎನ್ನುವವರಿದ್ದಾರೆ. ಆದರೆ ಚೀನಾದಲ್ಲೇ ಶುವಾಯ್ ಜಿಯಾವೋ ಎಂಬ ಹಳೆಯ ಕುಸ್ತಿಯಿದೆ. ವುಶುವಿನ ಸಾಂಡಾ ಸ್ಪರ್ಧೆಯಲ್ಲಿ ಎದುರಾಳಿಯನ್ನು ಕೆಡವಿ ತಾನು ನಿಂತೇ ಇದ್ದರೆ 2 ಅಂಕ. ಹಿಡಿದು ಕೆಡವುವ ವಿದ್ಯೆ ಆ ಪರಂಪರೆಗೆ ಹೊಸದಲ್ಲ.

ಈಗ ವಾರಕ್ಕೆರಡು ದಿನ ಗರಡಿಗೆ ಹೋಗುತ್ತೇನೆ. ಮೊದಲ ತಿಂಗಳು ಪೆಟ್ಟಾಗದಂತೆ ಬೀಳುವುದನ್ನಷ್ಟೇ ಕಲಿತೆ. ದುಬಾರಿ ಕ್ಲಾಸ್ ಹುಡುಕಬೇಕಿಲ್ಲ ಗೆಳೆಯರೇ. ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿಗೆ ಚಪ್ಪಾಳೆ ತಟ್ಟುವ ನಾವು ಗರಡಿಯೊಳಗೂ ಕಾಲಿಡೋಣ.