ಸುಲಭ ಬೇರೆ, ಸುಕರ ಬೇರೆ

‘ಸುಲಭ’, ‘ಸುಕರ’ ಎಂಬೆರಡು ಮಾತುಗಳನ್ನು ನಾವು ಈಗ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಎರಡನೆಯದಂತೂ ಪಂಡಿತರ ಬರವಣಿಗೆಯ ಹೊರಗೆ ಕಾಣಸಿಗುವುದೇ ಅಪೂರ್ವ. ಧಾತುವನ್ನು ನೋಡಿದರೆ ಅರ್ಥಗಳು ಬೇರೆ ಬೇರೆ. ಅನಾಯಾಸವಾಗಿ ದೊರೆಯತಕ್ಕದ್ದು ಸುಲಭ. ಅನಾಯಾಸವಾಗಿ ಮಾಡತಕ್ಕದ್ದು ಸುಕರ. ಎಲೆಯ ಮುಂದೆ ಕುಳಿತವನಿಗೆ ಸುಲಭವಾದದ್ದು ಒಲೆಯ ಮುಂದೆ ನಿಂತವಳಿಗೆ ಸುಕರವಾಗಿರಬೇಕೆಂಬ ನಿಯಮವೇನೂ ಇಲ್ಲ. ಎರಿಟ್ರಿಯ ದೇಶದ ಸಾಂಪ್ರದಾಯಿಕ ಅಡಿಗೆಗಳನ್ನು ಮನೆಯಲ್ಲಿಯೇ ಸುಲಭವಾಗಿ ಮಾಡಿಕೊಳ್ಳುವ ಕ್ರಮಗಳನ್ನು ಈಚೆಗೆ ಕೆಲವು ಕಡೆ ಓದಿದಾಗ ಈ ಭೇದ ನನಗೆ ಬಲವಾಗಿ ನೆನಪಾಯಿತು. ಆ ಬರಹಗಳ ಬಗೆಗೆ ನನ್ನದೊಂದು ತಕರಾರಿದೆ. ಅದನ್ನು ವಾಚಕರ ಮುಂದಿಡುತ್ತೇನೆ.

ಕನ್ನಡದ ಮೇಷ್ಟರಿಗೆ ಎರಿಟ್ರಿಯದ ಅಡಿಗೆಯ ಗೊಡವೆ ಏಕೆಂದು ಕೇಳುವವರಿರಬಹುದು. ಕೆಂಪು ಸಮುದ್ರದ ಆಫ್ರಿಕದ ದಡದಲ್ಲಿರುವ ಸಣ್ಣ ನಾಡು ಅದು. 1890ರಿಂದ 1941ರವರೆಗೆ ಇಟಲಿಯ ವಸಾಹತಾಗಿದ್ದು, ಅನಂತರ ಬ್ರಿಟಿಷರ ಆಡಳಿತವನ್ನು ಕಂಡು, 1952ರಲ್ಲಿ ಇಥಿಯೋಪಿಯದೊಡನೆ ಕೂಡಿಸಲ್ಪಟ್ಟು, 1961ರಿಂದ 1991ರವರೆಗೆ ಹೋರಾಡಿ, 1993ರಲ್ಲಿ ಸ್ವತಂತ್ರವಾಯಿತು. ಅಲ್ಲಿಯ ಶಾಲೆ ಕಾಲೇಜುಗಳಲ್ಲಿ ಭಾರತದ ಅಧ್ಯಾಪಕರು ಬಹಳ ಮಂದಿ ದುಡಿದಿದ್ದಾರೆ. ನನ್ನ ಮಿತ್ರರೊಬ್ಬರು ರಾಜಧಾನಿಯಾದ ಅಸ್ಮಾರದಲ್ಲಿ ಕೆಲವು ವರ್ಷ ಗಣಿತವನ್ನು ಕಲಿಸಿ ಹಿಂದಿರುಗುವಾಗ ನನಗೆಂದು ಎರಡು ಪೊಟ್ಟಣಗಳನ್ನು ತಂದರು. ಒಂದರಲ್ಲಿ ‘ಶಿರೊ’ ಎಂಬ ಹಿಟ್ಟು, ಇನ್ನೊಂದರಲ್ಲಿ ‘ಬೆರ್ಬೆರೆ’ ಎಂಬ ಖಾರದ ಪುಡಿ. ನನ್ನ ವಿದ್ಯಾಭ್ಯಾಸ ಆರಂಭವಾದದ್ದು ಅಲ್ಲಿಂದ.

ಶಿರೊ ಮಾಡುವ ಕ್ರಮವನ್ನು ಹೇಳಿಬಿಡುತ್ತೇನೆ. ಎರಡು ಈರುಳ್ಳಿಗಳನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಮಂದವಾದ ಉರಿಯ ಮೇಲೆ ಕೆಂಪಗಾಗುವವರೆಗೂ ಬಾಡಿಸಬೇಕು. ನಾಲ್ಕೈದು ಎಸಳು ಬೆಳ್ಳುಳ್ಳಿಯನ್ನು ಜಜ್ಜಿ ಹಾಕಿ, ಒಂದು ಟೊಮಾಟೊ, ಒಂದು ಚಮಚ ಬೆರ್ಬೆರೆ ಸೇರಿಸಿ, ಎಣ್ಣೆ ಬಿಡುವತನಕ ಕಾಯಬೇಕು. ಮೂರು ಲೋಟ ನೀರು ಹೊಯ್ದು, ಕುದಿ ಬಂದಾಗ ಅರ್ಧ ಲೋಟ ಹಿಟ್ಟನ್ನು ಗಂಟು ಕಟ್ಟದಂತೆ ಉದುರಿಸುತ್ತ ಕಲಕಿ, ಕೊತಕೊತ ಎನ್ನುವಂತೆ ಕಾಲು ಗಂಟೆ ಬೇಯಿಸಿದರೆ ಮುಗಿಯಿತು. ಉತ್ತರ ಕರ್ನಾಟಕದ ವಾಚಕರಿಗೆ ಇಷ್ಟು ಹೊತ್ತಿಗೆ ಜುಣಕ ನೆನಪಾಗಿರಬೇಕು. ನೆಂಟಸ್ತಿಕೆ ನಿಜವೇ, ಆದರೆ ಜುಣಕದ ಹಿಟ್ಟು ಹಸಿಯ ಕಡಲೆಯದು, ಶಿರೊ ಹುರಿದ ಕಡಲೆಯದು. ಆದುದರಿಂದ ಅದರ ಪರಿಮಳ ಬೇರೆ, ನಾಲಗೆಯ ಮೇಲೆ ಅದು ಕರಗುವ ರೀತಿಯೂ ಬೇರೆ.

ಇದನ್ನು ಸುಲಭದ ಅಡಿಗೆ ಎಂದರೆ ನಾನೇನೂ ಜಗಳವಾಡುವುದಿಲ್ಲ. ಅರ್ಧ ಗಂಟೆಯಲ್ಲಿ ದೊರೆಯಿತಲ್ಲ! ಆದರೆ ಆ ಎರಡು ಪೊಟ್ಟಣಗಳ ಒಳಗೆ ಏನಿತ್ತೆಂಬುದನ್ನು ಮಿತ್ರರು ವಿವರಿಸಿದಾಗ ನನ್ನ ಅರ್ಧ ಗಂಟೆ ತೀರ ಸಣ್ಣದಾಗಿ ಕಂಡಿತು. ಕಡಲೆಯನ್ನು ಆರಿಸಿ, ಹುರಿದು, ಸಿಪ್ಪೆ ತೆಗೆದು, ಮಸಾಲೆಗಳೊಡನೆ ಬೆರೆಸಿ, ಗಿರಣಿಗೆ ಹೊತ್ತು, ಬೀಸಿಸಿ ತಂದು ಜರಡಿ ಹಿಡಿದರೆ ಶಿರೊ. ಬೆರ್ಬೆರೆಯದು ಇನ್ನೂ ದೊಡ್ಡ ಕಥೆ. ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಬಿಸಿಲಲ್ಲಿ ಒಣಗಿಸಿ, ಬೆಳ್ಳುಳ್ಳಿ ಶುಂಠಿಗಳೊಡನೆ ಕುಟ್ಟಿ, ಮತ್ತೆ ಒಣಗಿಸಿ, ಮೆಂತ್ಯ, ಕೊತ್ತಂಬರಿ, ಓಮ, ಲವಂಗ, ಅಲ್ಲಿಯದೇ ಒಂದು ಬಗೆಯ ದೊಡ್ಡ ಏಲಕ್ಕಿ ಇವುಗಳನ್ನು ಒಂದೊಂದನ್ನೂ ಅದರದರ ಹದಕ್ಕೆ ಹುರಿದು ಸೇರಿಸಿ ಪುಡಿಮಾಡಬೇಕು. ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ತಿಂಗಳುಗಟ್ಟಲೆ ಬಾಳುವಷ್ಟು ಒಮ್ಮೆಗೇ ಮಾಡಿಡುತ್ತಾರೆ. ಬೇಸಗೆಯಲ್ಲಿ ಅಂಗಳದ ತುಂಬ ಮೆಣಸಿನಕಾಯಿ ಹರವಿ, ವರ್ಷಕ್ಕಾಗುವಷ್ಟು ಮಸಾಲೆ ಖಾರವನ್ನು ಕುಟ್ಟುತ್ತಿದ್ದ ನಮ್ಮ ಕಡೆಯ ಹೆಂಗಸರ ಕೆಮ್ಮನ್ನೂ ಕಣ್ಣೀರನ್ನೂ ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಶಿರೊವಿನ ಸೌಲಭ್ಯವೆಂಬುದು ಯಾರೋ ಮೊದಲೇ ಕೂಡಿಟ್ಟ ದುಡಿಮೆ. ನಾವು ಅದನ್ನು ಚಮಚದಲ್ಲಿ ತೆಗೆದು ಖರ್ಚು ಮಾಡುತ್ತೇವೆ, ಅಷ್ಟೆ.

ನನ್ನ ತಕರಾರು ಇಲ್ಲಿದೆ. ಸುಲಭದ ಕ್ರಮಗಳನ್ನು ಬರೆಯುವವರು ‘ಬೆರ್ಬೆರೆ ಎರಡು ಚಮಚ’ ಎಂದು ಬರೆದು ಮುಂದೆ ಹೋಗುತ್ತಾರೆ. ‘ಸಿಕ್ಕದಿದ್ದರೆ ಯಾವುದಾದರೂ ಮೆಣಸಿನ ಪುಡಿ ನಡೆಯುತ್ತದೆ’ ಎಂಬ ಉದಾರತೆಯನ್ನೂ ತೋರುತ್ತಾರೆ. ಇಂಥವರ ಲೆಕ್ಕದಲ್ಲಿ ಅಡಿಗೆಯ ಕಾಲ ಒಲೆ ಹಚ್ಚಿದಾಗ ಆರಂಭವಾಗುತ್ತದೆ. ಅದಕ್ಕೆ ಮುಂಚಿನದು ಯಾರ ಲೆಕ್ಕದಲ್ಲಿಯೂ ಇಲ್ಲ. ಪೇಟೆಯ ಮನೆಯಲ್ಲಿ ಇಬ್ಬರೂ ದುಡಿಯುವ ಗಂಡ ಹೆಂಡಿರು ಅಂಗಡಿಯ ಪುಡಿಯನ್ನು ಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ; ನಮ್ಮ ಮನೆಯ ಸಾರಿನ ಪುಡಿಯೂ ಎಷ್ಟೋ ತಿಂಗಳು ಅಂಗಡಿಯದೇ. ಪುಡಿಯ ಹಿಂದಿನ ಕೈಯನ್ನು ಅಳಿಸಿಹಾಕಿ, ಉಳಿದದ್ದಕ್ಕೆ ‘ಸಾಂಪ್ರದಾಯಿಕ’ ಎಂಬ ಚೀಟಿ ಅಂಟಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಧಾನ್ಯದ ವಿಷಯದಲ್ಲಿ ನಾನು ಇಷ್ಟು ಕಠಿಣನಲ್ಲ. ಶಿರೊವನ್ನು ತಿನ್ನುವುದು ‘ತಾಯ್ತಾ’ ಎಂಬ ಹುಳಿದೋಸೆಯೊಡನೆ (ನಮ್ಮ ಕೊರಳಿನ ತಾಯಿತಕ್ಕೂ ಇದಕ್ಕೂ ಸಂಬಂಧವಿಲ್ಲ). ಹೊರನಾಡುಗಳಲ್ಲಿ ಇಂಜೆರ ಎಂದು ಪ್ರಸಿದ್ಧವಾದದ್ದು ಇದೇ. ಕೆಲವು ದಿನ ಹುದುಗಿಸಿದ ಹಿಟ್ಟನ್ನು ‘ಮೊಗೊಗೊ’ ಎಂಬ ಅಗಲವಾದ ಮಣ್ಣಿನ ಹೆಂಚಿನ ಮೇಲೆ ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಯ್ದು, ಮುಚ್ಚಿ, ಒಂದೇ ಮಗ್ಗುಲು ಬೇಯಿಸುತ್ತಾರೆ. ಮೇಲೆಲ್ಲ ಕಣ್ಣು ಬೀಳುತ್ತದೆ. ಮೇಲ್ತರದ್ದು ಗಸಗಸೆಯಷ್ಟು ಸಣ್ಣದಾದ ಟೆಫ್ ಧಾನ್ಯದ್ದು. ಅದು ತುಟ್ಟಿಯಾದಾಗ ಅಲ್ಲಿಯವರೇ ಜೋಳವನ್ನೋ ಜವೆಗೋದಿಯನ್ನೋ ಬೆರೆಸುತ್ತಾರೆ. ಹೀಗಿರುವಾಗ ನಾವು ಜೋಳದ ಹಿಟ್ಟನ್ನು ಹುದುಗಿಸಿ ತಾಯ್ತಾ ಹೊಯ್ದರೆ ಅದು ಅಪಚಾರವಲ್ಲ. ಜೋಳವೇ ಈಶಾನ್ಯ ಆಫ್ರಿಕದಿಂದ ನಮ್ಮಲ್ಲಿಗೆ ಬಂದ ಬೆಳೆ. ರಾಗಿಯೂ ಪೂರ್ವ ಆಫ್ರಿಕದ ಎತ್ತರದ ನೆಲಗಳಿಂದ ಬಂದದ್ದು; ಎರಿಟ್ರಿಯದ ತಿಗ್ರಿನ್ಯ ಭಾಷೆಯಲ್ಲಿ ಅದರ ಹೆಸರು ‘ದಾಗುಷ’. ಚಟ್ನಿಪುಡಿಗೆ ನಾವು ಹುರಿಯುವ ಹುಚ್ಚೆಳ್ಳಿನ ಶಾಸ್ತ್ರೀಯ ನಾಮದಲ್ಲಿಯೇ ಅಬಿಸೀನಿಯದ ಹೆಸರಿದೆ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಬತ್ತಕ್ಕೂ ವಾದ ಹೂಡಿ, ಶ್ರೀರಾಮನ ಬಾಯಿಂದ ರಾಗಿಗೆ ಗೆಲುವು ಕೊಡಿಸಿದರಷ್ಟೆ, ಆ ವಿಜಯಿಯ ತವರು ಸಮುದ್ರದ ಆಚೆಗಿತ್ತೆಂಬುದು ಪಾಠ ಹೇಳುವಾಗ ನನಗೆ ಪ್ರತಿ ವರ್ಷವೂ ಸಂತೋಷ ಕೊಡುವ ಸಂಗತಿ.

ಈ ನೆಂಟಸ್ತಿಕೆ ಕಣ್ಣಿಗೆ ಕಟ್ಟುವಂತೆ ಕಾಣುವುದು ‘ಗಆತ್’ ಎಂಬ ಅಡಿಗೆಯಲ್ಲಿ. ಉಪ್ಪು ಹಾಕಿದ ನೀರನ್ನು ಕುದಿಸಿ, ಜವೆಗೋದಿಯ ಹಿಟ್ಟು ಸುರಿದು, ಮರದ ಕೋಲಿನಿಂದ ಬಿಡದೆ ತೊಳಸಿ, ಗಟ್ಟಿಯಾದಾಗ ತಟ್ಟೆಗೆ ಗುಡ್ಡೆಯಾಗಿ ಇಳಿಸುತ್ತಾರೆ. ಹಳೆಯ ಮೈಸೂರಿನವನಿಗೆ ಇದು ಮುದ್ದೆಯಲ್ಲದೆ ಮತ್ತೇನು? ಆದರೆ ಅವರು ಅದನ್ನು ಉಂಡೆ ಕಟ್ಟುವುದಿಲ್ಲ. ನಡುವೆ ಗುಳಿ ಮಾಡಿ, ಅದರ ತುಂಬ ‘ತೆಸ್ಮಿ’ಯನ್ನೂ ಬೆರ್ಬೆರೆಯನ್ನೂ ಹಾಕಿ, ಸುತ್ತಲೂ ಮೊಸರು ಸುರಿಯುತ್ತಾರೆ. ತೆಸ್ಮಿಯೆಂದರೆ ಈರುಳ್ಳಿ, ಬೆಳ್ಳುಳ್ಳಿ, ಮೆಂತ್ಯ ಮೊದಲಾದವನ್ನು ಹಾಕಿ ಕಾಯಿಸಿ ಸೋಸಿದ ತುಪ್ಪ. ಬೆಣ್ಣೆ ಕಾಯಿಸುವಾಗ ವೀಳ್ಯದೆಲೆ ಹಾಕುವ ನಮ್ಮವರಿಗೆ ಇದು ಅಪರಿಚಿತವಲ್ಲ. ಅಂಚಿನಿಂದ ಮುರಿದು, ಮೊಸರನ್ನು ಸವರಿ, ನಡುವಿನ ತುಪ್ಪದಲ್ಲಿ ಅದ್ದಿ ತಿನ್ನಬೇಕು. ಬಾಣಂತಿಗೆ ವಿಶೇಷವಾಗಿ ಮಾಡುವ ಅಡಿಗೆ ಇದು. ಅಭ್ಯಾಸಕ್ಕೆ ತೊಡಗುವವರು ಇಲ್ಲಿಂದಲೇ ತೊಡಗಬೇಕೆಂಬುದು ನನ್ನ ಸಲಹೆ: ಪುಡಿ ಹೇಗಾದರಿರಲಿ, ತೊಳಸುವ ತೋಳಿನ ನೋವಾದರೂ ನಮ್ಮದೇ ಆಗುತ್ತದೆ.

ಉಳಿದವುಗಳಲ್ಲಿ ಸೊಪ್ಪಿನ ‘ಹಮ್ಲಿ’, ಅರಿಸಿನದ ಬಣ್ಣದ ಸಪ್ಪೆ ಪಲ್ಯ ‘ಅಲಿಚ’, ಮಸೂರ ಬೇಳೆಯ ‘ತಿಮ್ತಿಮೊ’ ಇವು ನಮ್ಮ ಸಸ್ಯಾಹಾರಿಗಳಿಗೂ ಒಗ್ಗುತ್ತವೆ. ಅಲ್ಲಿಯ ಸನಾತನ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮುಂಚಿನ 55 ದಿನ ಮಾಂಸ, ಮೊಟ್ಟೆ, ಹಾಲುಗಳನ್ನು ಬಿಡುತ್ತಾರೆ. ಬೇಳೆ ಕಾಳಿನ ಅಡಿಗೆ ಅಷ್ಟು ಬೆಳೆದಿರುವುದಕ್ಕೆ ಈ ವ್ರತಗಳೂ ಕಾರಣ.

ದುಡಿಮೆಯ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳದೆ ಬಿಡಲಾರೆ. ಆ ಮೂವತ್ತು ವರ್ಷಗಳ ಹೋರಾಟದ ಕೊನೆಯ ಕಾಲದಲ್ಲಿ ಹೋರಾಟಗಾರರ ಪೈಕಿ ಸುಮಾರು ಮೂರರಲ್ಲೊಂದು ಪಾಲು ಹೆಂಗಸರಿದ್ದರು. ನೆಲೆಗಳಲ್ಲಿ ಅಡಿಗೆ ಗಂಡಸರಿಗೂ ಸೇರಿದ ಕೆಲಸವಾಗಿತ್ತು. 1991ರಲ್ಲಿ ಕಾಳಗ ಮುಗಿದ ಮೇಲೆ, ಬಂದೂಕು ಹಿಡಿದಿದ್ದ ಎಷ್ಟೋ ಮಂದಿ ಹೆಂಗಸರು ಮತ್ತೆ ಮೊಗೊಗೊವಿನ ಹೊಗೆಯ ಮುಂದೆ ಕೂರಬೇಕಾಯಿತು. ಹಿಟ್ಟು ಕಲಸಲು ಕಲಿತಿದ್ದ ಗಂಡಸರ ಕೈಗಳು ಆ ವಿದ್ಯೆಯನ್ನು ಎಷ್ಟು ಬೇಗ ಮರೆತವೋ! ನಮ್ಮ ನಾಡಿನ ಗಂಡಸರು ಅವರನ್ನು ನೋಡಿ ನಗಬೇಕಾಗಿಲ್ಲ. ನಾವು ಕಲಿತದ್ದೇ ಇಲ್ಲ.

ತಾಯ್ತಾವನ್ನು ಒಂದು ದೊಡ್ಡ ತಟ್ಟೆಯ ತುಂಬ ಹಾಸಿ, ಅದರ ಮೇಲೆಯೇ ಎಲ್ಲವನ್ನೂ ಬಡಿಸಿ, ಸುತ್ತ ಕುಳಿತವರು ಒಂದೇ ತಟ್ಟೆಯಿಂದ ಬಲಗೈಯಲ್ಲಿ ತಿನ್ನುವುದು ಅಲ್ಲಿಯ ಪದ್ಧತಿ. ಎಂಜಲಿನ ವಿಚಾರದಲ್ಲಿ ಬೆಳೆದ ನಮಗೆ ಇಡೀ ಅಡಿಗೆಯಲ್ಲಿ ದುಷ್ಕರವಾದ ಭಾಗ ಇದೊಂದೇ. ‘ಬೇಕಾದರೆ ಬೇರೆ ಬೇರೆ ತಟ್ಟೆಗೆ ಬಡಿಸಬಹುದು’ ಎಂದು ಸುಲಭದವರು ಮೊದಲು ಕೈಬಿಡುವುದೂ ಇದನ್ನೇ. ನಮ್ಮ ಮನೆಯಲ್ಲಿ ಹರಿವಾಣವನ್ನು ನಡುವೆ ಇಟ್ಟಾಗ ಎಪ್ಪತ್ತು ದಾಟಿದ ನಮ್ಮ ತಾಯಿ ತಮ್ಮ ಪಾಲನ್ನು ಪ್ರತ್ಯೇಕವಾಗಿ ಎಲೆಗೆ ಹಾಕಿಸಿಕೊಂಡರು. ಮಕ್ಕಳು ರಸ ಹೀರಿ ಮೆತ್ತಗಾದ ಅಡಿಯ ತುಂಡಿಗಾಗಿ ಕಿತ್ತಾಡಿದರು. ತಾಯಿ ಒಂದು ತುತ್ತು ತಿಂದು, ಬೆರ್ಬೆರೆಯ ಪೊಟ್ಟಣವನ್ನು ತರಿಸಿ, ಅಂಗೈಗೆ ಚಿಟಿಕೆ ಸುರಿದುಕೊಂಡು ಮೂಸಿ ನೋಡಿದರು. “ಯಾರು ಮಾಡಿದ್ದೋ ಕಾಣೆ, ಕೈ ಒಳ್ಳೆಯದು. ಮೆಂತ್ಯ ಮಾತ್ರ ಒಂದು ಹದ ಮುಂದಕ್ಕೆ ಹೋಗಿದೆ,” ಎಂದರು.