ಮಗುವಿನ ವ್ಯಾಕರಣ: ಹುಟ್ಟಿನೊಡನೆ ಬಂದದ್ದೇ, ಕೇಳಿ ಕಟ್ಟಿಕೊಂಡದ್ದೇ?

ನಾಲ್ಕು ವರ್ಷ ತುಂಬುವ ಹೊತ್ತಿಗೆ ಮಕ್ಕಳು, ಯಾರೂ ಕೂರಿಸಿಕೊಂಡು ಪಾಠ ಹೇಳದಿದ್ದರೂ, ಮನೆಮಾತಿನ ವ್ಯಾಕರಣವನ್ನು ಬಹುಮಟ್ಟಿಗೆ ವಶಮಾಡಿಕೊಂಡಿರುತ್ತಾರೆ ಎಂಬುದನ್ನು ಇಲ್ಲಿ ಎದುರುಬದುರಾಗುವ ಎರಡು ಪಕ್ಷಗಳೂ ಒಪ್ಪುತ್ತವೆ. ಜಗಳವಿರುವುದು ಆ ವ್ಯಾಕರಣ ಬಂದದ್ದು ಎಲ್ಲಿಂದ ಎಂಬುದರಲ್ಲಿ. ಪ್ರಶ್ನೆ ಹೊಸದಲ್ಲ. ಎಳೆಯ ಮಗು ಮೊದಲ ಸಲ ನಾಲಿಗೆ ತುಟಿಗಳನ್ನು ಮಾತಿಗಾಗಿ ಅಲುಗಿಸುವುದು ಯಾರ ಉಪದೇಶದಿಂದಲೂ ಅಲ್ಲ, ಅದರೊಳಗೆ ಮೊದಲೇ ನೆಲೆಸಿರುವ ‘ಶಬ್ದಭಾವನೆ’ಯಿಂದ, ಎಂದರೆ ಹಿಂದಿನ ಜನ್ಮದಿಂದ ಉಳಿದುಬಂದ ಮಾತಿನ ಸಂಸ್ಕಾರದಿಂದ, ಎಂದು ‘ವಾಕ್ಯಪದೀಯ’ದ ಕರ್ತೃ ಭರ್ತೃಹರಿ ಬಗೆದರೆ, ಮಗು ಮಾತಿನ ಅರ್ಥವನ್ನು ಹಿಡಿಯುವುದು ‘ವೃದ್ಧವ್ಯವಹಾರ’ದಿಂದ, ಎಂದರೆ ದೊಡ್ಡವರು ಆಡುವುದನ್ನೂ ಆಡಿದಂತೆ ಮಾಡುವುದನ್ನೂ ನೋಡುತ್ತ ನೋಡುತ್ತ, ಎಂದು ಮೀಮಾಂಸಕರು ವಾದಿಸಿದರು. ಚರ್ಚೆಯ ಆಧುನಿಕ ರೂಪ ಅಮೆರಿಕದ್ದು: 1957ರಲ್ಲಿ ಬಿ. ಎಫ್. ಸ್ಕಿನ್ನರ್ ‘ವರ್ಬಲ್ ಬಿಹೇವಿಯರ್’ ಗ್ರಂಥದಲ್ಲಿ ಮಾತನ್ನು ಪ್ರಚೋದನೆ ಮತ್ತು ಮೆಚ್ಚುಗೆಗಳಿಂದ ಬೇರೂರುವ ಅಭ್ಯಾಸವೆಂದು ವಿವರಿಸಿದರು, 1959ರಲ್ಲಿ ನೋಮ್ ಚಾಮ್ಸ್ಕಿ ಬರೆದ ವಿಮರ್ಶೆ ಆ ವಿವರಣೆಯ ಬುಡಕ್ಕೇ ಕೈಹಾಕಿತು. ಸ್ಕಿನ್ನರರ ವಾದವನ್ನು ಅದೇ ರೂಪದಲ್ಲಿ ಎತ್ತಿಹಿಡಿಯುವವರು ಈಗ ವಿರಳವಾದುದರಿಂದ ಅದನ್ನು ಇಲ್ಲಿಗೇ ಬಿಡಬಹುದು. ಇಲ್ಲಿ ಚರ್ಚೆಗೆ ಬರುವ ಪ್ರತಿಜ್ಞೆ ಇದು: ವ್ಯಾಕರಣದ ಮೂಲ ಚೌಕಟ್ಟು ಮನುಷ್ಯಶಿಶುವಿಗೆ ಹುಟ್ಟಿನೊಡನೆ ಬಂದದ್ದು.

ಪರ

ಈ ಪಕ್ಷದ ಮುಖ್ಯ ಯುಕ್ತಿಯನ್ನು ‘ಕೇಳಿಕೆಯ ಕೊರತೆ’ ಎನ್ನಬಹುದು: ಮಗುವಿನ ಕಿವಿಗೆ ಬೀಳುವ ಮಾತು ಅರೆಬರೆಯದು, ತಡವರಿಕೆಯದು, ಮತ್ತು ಅದರಲ್ಲಿ ಯಾವ ಪ್ರಯೋಗ ಸಲ್ಲದು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೂ ಮಗು ಕೊನೆಗೆ ತಲುಪುವ ಜ್ಞಾನ ಆ ಕೇಳಿಕೆಯನ್ನು ಮೀರಿದ್ದು. ‘ಶಾಮು ತನ್ನನ್ನು ಹೊಡೆದ ಅಂತ ರಾಮು ಹೇಳಿದ’ ಎಂಬ ವಾಕ್ಯದಲ್ಲಿ ಪೆಟ್ಟು ತಿಂದವನು ರಾಮು. ‘ಶಾಮು ತನ್ನನ್ನು ಹೊಡೆದುಕೊಂಡ ಅಂತ ರಾಮು ಹೇಳಿದ’ ಎಂದರೆ ಪೆಟ್ಟು ತಿಂದವನು ಶಾಮುವೇ. ಮೊದಲ ವಾಕ್ಯದಲ್ಲಿ ‘ತನ್ನ’ ಎಂಬ ಆತ್ಮಾರ್ಥಕ ಸರ್ವನಾಮ ಪಕ್ಕದಲ್ಲೇ ಇರುವ ಹೆಸರನ್ನು ದಾಟಿ, ವಾಕ್ಯದ ಕೊನೆಯಲ್ಲಿ ಬರುವ ಇನ್ನೊಂದು ಹೆಸರನ್ನು ಹಿಡಿಯುತ್ತದೆ. ಕನ್ನಡ ಆಡುವವರೆಲ್ಲ ಈ ವ್ಯತ್ಯಾಸವನ್ನು ತಪ್ಪದೆ ಪಾಲಿಸುತ್ತಾರೆ, ಆದರೆ ಯಾವ ತಾಯಿಯೂ ಇದನ್ನು ಮಗುವಿಗೆ ವಿವರಿಸಿರಲಾರಳು. ವಿವರಿಸು ಎಂದರೆ ಅವಳಿಗೂ ಕಷ್ಟವೇ. ಪದಗಳ ಸಾಲನ್ನಲ್ಲ, ಸಾಲಿನ ಹಿಂದಿನ ರಚನೆಯನ್ನು, ಅಂದರೆ ಯಾವ ಉಪವಾಕ್ಯ ಯಾವುದರ ಒಳಗಿದೆ ಎಂಬುದನ್ನು, ನೋಡುವ ಈ ಒಲವನ್ನೇ ಚಾಮ್ಸ್ಕಿ ‘ಸಾರ್ವತ್ರಿಕ ವ್ಯಾಕರಣ’ ಎಂಬ ಸಹಜ ಸಾಮರ್ಥ್ಯದ ಲಕ್ಷಣವೆಂದು ಎಣಿಸಿದರು.

ಕೇಳಿಕೆ ಕಡಿಮೆಯಾದಾಗಲ್ಲ, ಇಲ್ಲವೇ ಇಲ್ಲವಾದಾಗ ಏನಾಗುತ್ತದೆ ಎಂಬುದಕ್ಕೆ ನಿಕರಾಗುವದ ಸಾಕ್ಷ್ಯವಿದೆ. ಅದರ ರಾಜಧಾನಿ ಮನಾಗುವದಲ್ಲಿ 1977ರಲ್ಲಿ ಆರಂಭವಾದ ವಿಶೇಷ ಶಾಲೆಯಲ್ಲಿ ಕಿವುಡ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುವ ಪ್ರಯತ್ನ ಅಷ್ಟಾಗಿ ಫಲಿಸಲಿಲ್ಲ; ಆದರೆ ಆಟದ ಬಯಲಿನಲ್ಲಿ, ಶಾಲೆಯ ಬಸ್ಸಿನಲ್ಲಿ ಆ ಮಕ್ಕಳ ನಡುವೆಯೇ ಒಂದು ಹೊಸ ಸನ್ನೆಭಾಷೆ ಹುಟ್ಟಿತು. ಆನ್ ಸೆಂಘಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೌಲಿಂಗ್ ಚೆಂಡು ನುಂಗಿದ ಬೆಕ್ಕು ಇಳಿಜಾರಿನ ಬೀದಿಯಲ್ಲಿ ಉರುಳಿಹೋಗುವ ಕಾರ್ಟೂನನ್ನು ತೋರಿಸಿ ಕಥೆ ಹೇಳಿಸಲಾಯಿತು. ಮೊದಲ ತಂಡದಲ್ಲಿ ಸೇರಿದ್ದವರು ಉರುಳುವುದನ್ನೂ ಇಳಿಯುವುದನ್ನೂ ಹೆಚ್ಚಾಗಿ ಒಂದೇ ಕೈಚಲನೆಯಲ್ಲಿ, ಮಾತನಾಡುವವರು ಕೈಬೀಸುವ ಹಾಗೆ, ತೋರಿಸಿದರೆ, ಅನಂತರ ಎಳೆಯ ವಯಸ್ಸಿನಲ್ಲಿ ಬಂದು ಸೇರಿದವರು ಅದನ್ನು ‘ಉರುಳು’, ‘ಇಳಿ’ ಎಂದು ಎರಡು ಸನ್ನೆಗಳಾಗಿ ಒಡೆದು ಒಂದರ ಹಿಂದೊಂದು ಜೋಡಿಸಿದರು. ತಾವು ಕಂಡದ್ದರಲ್ಲಿ ಅಷ್ಟಾಗಿ ಇಲ್ಲದ ಈ ಬಿಡಿಸಿ-ಜೋಡಿಸುವ ಕ್ರಮ ಅವರಿಗೆ ಒಳಗಿನಿಂದಲೇ ಬಂದಿರಬೇಕು ಎಂಬುದು ಈ ಪಕ್ಷದ ತೀರ್ಮಾನ.

ಇನ್ನೂ ಹತ್ತಿರದ ಸಾಕ್ಷ್ಯ ಕನ್ನಡದ ಮಕ್ಕಳಿಂದಲೇ ದೊರಕಿದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳ ಮುಂದೆ ಆಟಿಕೆ ಪ್ರಾಣಿಗಳನ್ನಿಟ್ಟು, ಹೇಳಿದ ವಾಕ್ಯವನ್ನು ಆಡಿ ತೋರಿಸುವಂತೆ ಕೇಳಲಾಯಿತು. ಕನ್ನಡದಲ್ಲಿ ಒಬ್ಬರು ಇನ್ನೊಬ್ಬರಿಂದ ಕ್ರಿಯೆ ಮಾಡಿಸುವುದನ್ನು ಸೂಚಿಸುವ ಗುರುತು ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ: ಬೀಳು, ಬೀಳಿಸು. ವಾಕ್ಯದಲ್ಲಿರುವ ನಾಮಪದಗಳ ಸಂಖ್ಯೆ ಅಷ್ಟು ನಂಬಿಕೆಗೆ ಅರ್ಹವಾದ ಗುರುತಲ್ಲ, ಏಕೆಂದರೆ ‘ಪುಟ್ಟ ಬೆಕ್ಕನ್ನು ನೋಡಿದ’ ಎಂಬಲ್ಲಿ ನಾಮಪದಗಳು ಎರಡಿದ್ದರೂ ಪ್ರೇರಣೆಯಿಲ್ಲ, ಮತ್ತು ‘ಬೀಳಿಸಿದ’ ಎಂಬ ಒಂದೇ ಪದ ಕರ್ತೃ-ಕರ್ಮಗಳಿಲ್ಲದೆಯೂ ಪೂರ್ಣ ವಾಕ್ಯವಾಗಬಲ್ಲದು. ಕೇಳಿದ್ದನ್ನೇ ಆಧರಿಸುವ ಮಗು ‘ಇಸು’ವನ್ನು ನಂಬಬೇಕಿತ್ತು. ಆದದ್ದು ಬೇರೆ: ‘ಮೊಸಳೆ ಕುದುರೆಯನ್ನು ಬೀಳುತ್ತದೆ’ ಎಂಬ ಬಗೆಯ ತಪ್ಪು ವಾಕ್ಯಕ್ಕೂ ಮಕ್ಕಳು ಒಂದು ಪ್ರಾಣಿ ಇನ್ನೊಂದರಿಂದ ಮಾಡಿಸುವಂತೆ ಆಡಿ ತೋರಿಸಿದರು, ನಾಮಪದ ಒಂದೇ ಇದ್ದಾಗ ‘ಇಸು’ ಇದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ದೊಡ್ಡವರಾದರೋ ಪ್ರತ್ಯಯವನ್ನು ಗಮನಿಸಿದರು. ಕ್ರಿಯೆಯಲ್ಲಿ ಎಷ್ಟು ಮಂದಿ ಪಾಲುಗಾರರೋ ಅಷ್ಟು ನಾಮಪದ ಎಂಬ ಸೂತ್ರವನ್ನು ಮಗು ಕೇಳಿಕೆಯಿಂದ ಪಡೆದಿಲ್ಲ, ಕೇಳಿಕೆಗೆ ಹೇರಿದೆ ಎಂದಾಯಿತು.

ವಿರೋಧ

ವಿರೋಧಪಕ್ಷದ ಮೊದಲ ಆಕ್ಷೇಪಣೆ, ಕೇಳಿಕೆಯಲ್ಲಿ ಏನಿದೆ ಎಂದು ಎಣಿಸಿ ನೋಡದೆಯೇ ಅದರಲ್ಲಿ ಕೊರತೆಯಿದೆ ಎಂದು ಘೋಷಿಸಲಾಗಿದೆ ಎಂಬುದು. ಮೀಮಾಂಸಕರು ‘ಆವಾಪ-ಉದ್ವಾಪ’ ಎಂದು ಕರೆದ ಕ್ರಮವನ್ನು ಇಲ್ಲಿ ನೆನೆಯಬಹುದು: ‘ಹಸುವನ್ನು ತಾ’, ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳಲ್ಲಿ ಒಂದು ಪದ ಹೋಗಿ ಇನ್ನೊಂದು ಬಂದಾಗ ಎದುರಿಗೆ ನಡೆಯುವ ಕೆಲಸವೂ ಬದಲಾಗುವುದನ್ನು ನೋಡಿ ಮಗು ಯಾವ ಪದಕ್ಕೆ ಯಾವ ಅರ್ಥವೆಂದು ಬಿಡಿಸಿಕೊಳ್ಳುತ್ತದೆ. ಇಂಥ ಹೋಲಿಕೆಗೆ ಬೇಕಾದ ಲೆಕ್ಕದ ಬುದ್ಧಿ ಹಸುಗೂಸಿಗೆ ಇದೆಯೇ ಎಂಬ ಸಂದೇಹವನ್ನು ಜೆನ್ನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್ ಮತ್ತು ಎಲಿಸಾ ನ್ಯೂಪೋರ್ಟ್ 1996ರಲ್ಲಿ ಬಹುಮಟ್ಟಿಗೆ ನಿವಾರಿಸಿದರು. ‘ಬಿದಾಕು’, ‘ಪದೋತಿ’ಗಳಂಥ ಅರ್ಥವಿಲ್ಲದ ನಾಲ್ಕು ಪದಗಳನ್ನು ನಡುವೆ ಬಿಡುವಿಲ್ಲದಂತೆ ಹೆಣೆದು ಎಂಟು ತಿಂಗಳ ಕೂಸುಗಳಿಗೆ ಎರಡು ನಿಮಿಷ ಕೇಳಿಸಿದರೆ, ‘ಬಿ’ ಬಂದ ಮೇಲೆ ‘ದಾ’ ಬರುವುದು ಖಚಿತ, ಆದರೆ ‘ಕು’ ಆದ ಮೇಲೆ ಇಂಥದೇ ಬರುತ್ತದೆಂಬ ಖಾತರಿಯಿಲ್ಲ ಎಂಬಷ್ಟರಿಂದಲೇ ಅವು ಪದದ ಅಂಚನ್ನು ಕಂಡುಕೊಂಡವು.

‘ತನ್ನ’ದ ಒಗಟಿಗೂ ಈ ಪಕ್ಷದಲ್ಲಿ ಉತ್ತರವಿದೆ. ಬಳಕೆವಾದಿಗಳ ಪ್ರಕಾರ, ಎಂದರೆ ವ್ಯಾಕರಣ ಬಳಕೆಯಿಂದಲೇ ಮೂಡುತ್ತದೆ ಎನ್ನುವ ಮೈಕೆಲ್ ಟೊಮಾಸೆಲೊ ಮೊದಲಾದವರ ಪ್ರಕಾರ, ಮಗು ಆರಂಭಿಸುವುದು ಸೂತ್ರಗಳಿಂದಲ್ಲ, ಒಂದೊಂದು ಕ್ರಿಯಾಪದಕ್ಕೆ ಅಂಟಿಕೊಂಡ ಸಣ್ಣ ಸಣ್ಣ ಅಚ್ಚುಗಳಿಂದ. ಅಚ್ಚುಗಳು ಕೂಡಿಬಂದ ಮೇಲೆ ಅವುಗಳ ಸಾಮ್ಯದಿಂದ ಸೂತ್ರ ಹೊರಡುತ್ತದೆ. ಕನ್ನಡದ ಮನೆಯಲ್ಲಿ ಬೆಳಗಾದರೆ ‘ಮುಖ ತೊಳ್ಕೋ’, ‘ತಲೆ ಬಾಚ್ಕೋ’, ‘ಚಡ್ಡಿ ಹಾಕ್ಕೋ’ ಎಂಬ ಮಾತುಗಳ ಸುರಿಮಳೆಯಾಗುವಾಗ, ‘ಕೊಳ್ಳು’ ಬಂದರೆ ಕೆಲಸ ಮಾಡಿದವನ ಮೈಗೇ ಹಿಂದಿರುಗುತ್ತದೆ ಎಂದು ತಿಳಿಯಲು ಹುಟ್ಟುಜ್ಞಾನ ಬೇಕಿಲ್ಲ. ಕೇಳಿಕೆಯಷ್ಟೇ ಮುಖ್ಯವಾದದ್ದು ಆಡುವವರ ಸಾನ್ನಿಧ್ಯ: ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರ 2003ರ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕದ ಕೂಸುಗಳು ಎದುರಿಗೆ ಕೂತು ಆಡಿಸಿದವರಿಂದ ಹನ್ನೆರಡು ಭೇಟಿಗಳಲ್ಲಿ ಚೀನೀ ಮ್ಯಾಂಡರಿನ್ನಿನ ಧ್ವನಿಭೇದವನ್ನು ಹಿಡಿದವು, ಅದೇ ಮಾತನ್ನು ಪರದೆಯ ಮೇಲೆ ಕಂಡವು ಹಿಡಿಯಲಿಲ್ಲ.

ಮನಾಗುವದ ಸಾಕ್ಷ್ಯವನ್ನಂತೂ ಈ ಪಕ್ಷ ತಿರುಗಿಸಿಯೇ ಬಿಡುತ್ತದೆ. ಚೌಕಟ್ಟು ತಲೆಯೊಳಗೆ ಸಿದ್ಧವಾಗಿದ್ದರೆ ಮೊದಲ ತಂಡದಲ್ಲೇ ಅದು ಕಾಣಿಸಬೇಕಿತ್ತು. ಒಂದು ತಂಡ ಬಿಟ್ಟುಹೋದದ್ದನ್ನು ಮುಂದಿನದು ಎತ್ತಿಕೊಂಡು ತಿದ್ದುತ್ತ, ವರ್ಷಗಳುದ್ದಕ್ಕೂ ಭಾಷೆ ಮೈದುಂಬಿದ್ದು ಸಮುದಾಯದ ಕೆಲಸ. ಈ ಮರುವಾದದಲ್ಲಿ ಹುರುಳಿದೆಯಾದರೂ, ತಿದ್ದಿದವರು ದೊಡ್ಡವರಲ್ಲ, ಎಳೆಯರು ಎಂಬುದು ಅದಕ್ಕೆ ತೊಡಕಾಗಿ ಉಳಿಯುತ್ತದೆ.

‘ಇಸು’ವಿನ ಪ್ರಯೋಗ ಕುರಿತು ಕನ್ನಡ ಬಲ್ಲವರಿಗೆ ಥಟ್ಟನೆ ಹೊಳೆಯಬಹುದಾದ ಮಾತೊಂದಿದೆ. ಈ ಪ್ರತ್ಯಯ ಅಷ್ಟು ನಿರ್ಮಲವಾದ ಗುರುತೇ? ಕುಡಿಸು, ಮಲಗಿಸು, ತಿನ್ನಿಸುಗಳಲ್ಲಿ ಅದು ಪ್ರೇರಣೆಯನ್ನು ಹೇಳುವುದು ದಿಟ. ಆದರೆ ಕಿಟಕಿಯಾಚೆಗೆ ಬೆರಳು ತೋರಿಸಿ ಮಗುವನ್ನು ಕೇಳುವ ‘ಚಂದಮಾಮ ಕಾಣಿಸ್ತಾನಾ?’, ‘ರೈಲು ಸದ್ದು ಕೇಳಿಸ್ತಾ?’ ಎಂಬ ಮಾತುಗಳಲ್ಲಿ ‘ಇಸು’ ಇದೆ, ಮಾಡಿಸುವವರು ಯಾರೂ ಇಲ್ಲ. ಪ್ರೀತಿಸು, ಗಮನಿಸುಗಳಲ್ಲಿ ಅದು ಸಂಸ್ಕೃತದ ನಾಮಪದವನ್ನು ಕನ್ನಡದ ಕ್ರಿಯೆಯಾಗಿಸುತ್ತದೆ, ಅಷ್ಟೆ. ಮೂರು ವರ್ಷದ ಮಗು ಇಂಥ ಪ್ರತ್ಯಯವನ್ನು ನಂಬದೆ ಕಾದುನೋಡುವುದು ಕೇಳಿಕೆಗೆ ಕಿವುಡಾದದ್ದಲ್ಲ, ಕೇಳಿಕೆಯನ್ನು ಚೆನ್ನಾಗಿ ತೂಗಿದ್ದು ಎಂದೂ ಹೇಳಬಹುದು. ಪಾಲುಗಾರರ ಸಂಖ್ಯೆಗೂ ನಾಮಪದಗಳ ಸಂಖ್ಯೆಗೂ ಇರುವ ಹೊಂದಾಣಿಕೆಯೋ, ಲೋಕದ ಘಟನೆಗಳನ್ನು ಅರಿಯುವ ಸಾಮಾನ್ಯ ಬುದ್ಧಿಯ ಪಾಲಾಗಬಹುದು. ಅದನ್ನು ವ್ಯಾಕರಣದ ಸೊತ್ತೆಂದು ಬರೆಸಿಕೊಳ್ಳಬೇಕಾಗಿಲ್ಲ.

ಆದರೆ ಇಷ್ಟು ಚುರುಕಾದ ಉತ್ತರ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಮುಂದಿಟ್ಟ ಇನ್ನೊಂದು ಸಂಗತಿಗೆ ಸಿಕ್ಕಿದಂತಿಲ್ಲ. ‘ಎರಡು ಪುಸ್ತಕ ಓದಲಿಲ್ಲ’ ಎಂದರೆ ಓದಿದ್ದು ಎರಡಾಗಲಿಲ್ಲ ಎಂದೂ ಆಗಬಹುದು, ಓದದೆ ಉಳಿದವು ಎರಡು ಎಂದೂ ಆಗಬಹುದು. ದೊಡ್ಡವರಿಗೆ ಎರಡೂ ಅರ್ಥ ಸಲ್ಲುತ್ತವೆ, ನಾಲ್ಕು ವರ್ಷದ ಮಕ್ಕಳು ಮೊದಲನೆಯದಕ್ಕೇ ಅಂಟಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ನಿಷೇಧಪದ ಸಂಖ್ಯೆಗಿಂತ ಮುಂಚೆ ಬರುತ್ತದೆ, ಕನ್ನಡದಲ್ಲಿ ‘ಇಲ್ಲ’ ಬರುವುದು ಕೊನೆಗೆ. ಪದಗಳ ಸಾಲೇ ದಾರಿ ತೋರಿಸುವುದಾಗಿದ್ದರೆ ಎರಡು ಭಾಷೆಗಳ ಮಕ್ಕಳು ಬೇರೆ ಬೇರೆ ಅರ್ಥ ಹಿಡಿಯಬೇಕಿತ್ತು, ಹಿಡಿದದ್ದು ಒಂದೇ. ಎರಡನೆಯ ಅರ್ಥ ಬೇಕಾದಾಗ ಮನೆಮಂದಿ ‘ಆ ಎರಡು ಪುಸ್ತಕ’ ಎಂದೇ ಹೇಳುವುದರಿಂದ ಬರಿಯ ‘ಎರಡು’ ಮಗುವಿನ ಕಿವಿಗೆ ಮೊದಲ ಅರ್ಥದಲ್ಲೇ ಬಿದ್ದಿರುತ್ತದೆ ಎಂದು ಬಳಕೆವಾದಿಗಳು ಸಮಾಧಾನ ಹೇಳಬಹುದು. ಆದರೆ ಕೇಳಿಕೆಯನ್ನು ಎಣಿಸಿ ನೋಡಿರೆಂದು ಎದುರಾಳಿಗೆ ಸವಾಲು ಹಾಕಿದವರು ಮನೆಮಾತಿನ ದಾಖಲೆಯಲ್ಲಿ ಆ ‘ಆ’ವನ್ನೂ ಎಣಿಸಿ ತೋರಿಸಬೇಕಾಗುತ್ತದೆ.